ಪರದೇಶದ ಕಡಲಿಗೆ ಹೊರಟವರು ಕೇಳಿದ್ದು

ರಜೆ ಹತ್ತಿರ ಬಂತೆಂದರೆ ನಮ್ಮ ಅಂಚೆಯಲ್ಲಿ ಬೀಚಿನ ಪ್ರಶ್ನೆಗಳು ಶುರುವಾಗುತ್ತವೆ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಅದನ್ನು ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣದಲ್ಲೇ ನೋಡಿಕೊಳ್ಳಿ, ಇಲ್ಲಿ ಎತ್ತಿಕೊಂಡಿಲ್ಲ. ಪಾಸ್‌ಪೋರ್ಟಿನಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿದೆಯೇ ಎಂದು ಮಾತ್ರ ಟಿಕೆಟ್ ತೆಗೆಸುವ ಮೊದಲೇ ನೋಡಿ.

ದೀಪಾವಳಿ ಸೂಟಿಗೆ ಫುಕೆಟ್ಟೋ ಶ್ರೀಲಂಕಾನೋ ಅಂತ ಮನ್ಯಾಗ ಜಗಳ ನಡದೈತಿ. ಯಾವುದು ಚೊಲೊ?
— ವಿದ್ಯಾನಗರ, ಹುಬ್ಬಳ್ಳಿ

ಕಡಲಲ್ಲಿ ಇಳಿಯುವುದೇ ಉದ್ದೇಶವಾದರೆ ಆ ಹೊತ್ತಿಗೆ ಎರಡೂ ಅರ್ಧಮರ್ಧ. ಥಾಯ್ಲೆಂಡಿನಲ್ಲಿ ಫುಕೆಟ್, ಕ್ರಾಬಿ ಇರುವ ಪಶ್ಚಿಮಕ್ಕೆ, ಅಂದರೆ ಅಂಡಮಾನ್ ಸಮುದ್ರದ ಬದಿಗೆ, ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ನವೆಂಬರ್ ಎರಡನೇ ವಾರದ ನಂತರ ಹೋದರೆ ಅಲ್ಲಿ ನೀರು ತಿಳಿಯಾಗುತ್ತ ಬಂದಿರುತ್ತದೆ. ಅದೇ ಥಾಯ್ಲೆಂಡಿನ ಇನ್ನೊಂದು ಬದಿಯ ಕೊ ಸಮುಯಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ. ಹೆಸರು ಒಂದೇ ದೇಶದ್ದೆಂದು ಏಜೆಂಟರು ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಹೊಲಿದುಬಿಡುತ್ತಾರೆ, ಜೋಕೆ.

ಶ್ರೀಲಂಕಾಕ್ಕೂ ಎರಡು ಮುಖ. ಬೆಂತೋಟ, ಉನಾವಟುನ, ಮಿರಿಸ್ಸ ಇರುವ ನೈಋತ್ಯ ದಂಡೆಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ತ್ರಿಕೋಣಮಲೆ, ನಿಲಾವೆಲಿ, ಅರುಗಂ ಬೇ ಇರುವ ಪೂರ್ವ ದಂಡೆಗೆ ಮೇಯಿಂದ ಸೆಪ್ಟೆಂಬರ್. ನಮ್ಮ ಶಾಲೆಗಳ ಬೇಸಿಗೆ ಸೂಟಿಗೆ, ಅದರಲ್ಲೂ ಮೇ ತಿಂಗಳಿಗೆ, ಈ ಪೂರ್ವ ದಂಡೆ ಹೇಳಿ ಮಾಡಿಸಿದ ಹಾಗಿದೆ, ಆದರೂ ನಮ್ಮವರು ಹೋಗುವುದು ಕಡಿಮೆ. ದಸರಾ ಸೂಟಿಗಾದರೆ ಬಾಲಿ: ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಒಣ ಕಾಲ. ಯುಗಾದಿ ಆಸುಪಾಸಿನಲ್ಲಿ ಬಾಲಿಗೆ ಹೊರಡುವವರು ಮಾತ್ರ 'ನ್ಯೆಪಿ' ಯಾವತ್ತು ಎಂದು ನೋಡಿ. ನಮ್ಮ ಶಾಲಿವಾಹನ ಶಕೆಯನ್ನೇ ಎಣಿಸುವ ಅವರ ಹೊಸ ವರ್ಷ ಅದು. ಆವತ್ತು 24 ಗಂಟೆ ವಿಮಾನ ನಿಲ್ದಾಣವೂ ಬಂದ್, ಹೋಟೆಲಿನ ಗೇಟು ದಾಟುವಂತಿಲ್ಲ, ಬೀಚಿಗೂ ಬಿಡುವುದಿಲ್ಲ.

ನಾವು ನಾಲ್ಕು ಮಂದಿ ಗೆಳೆಯರು. ಸಣ್ಣವರಿದ್ದಾಗಿಂದ ಹೊಲದ ಬಾವಿಗೆ ಜಿಗದವರು, ತುಂಗಭದ್ರಾ ಹೊಳೀನೂ ಈಜೇವಿ. ಜುಲೈದಾಗ ಫುಕೆಟ್‌ಗೆ ಹೊಂಟೀವಿ. ಕೆಂಪು ಬಾವುಟ ಇದ್ದರ ಇಳೀಬ್ಯಾಡ್ರಿ ಅಂತಾರ. ಈಜು ಬರೋರಿಗೂ ಆ ಮಾತು ಹತ್ತತೈತೇನು?
— ಗುತ್ತಲ, ಹಾವೇರಿ ಜಿಲ್ಲೆ

ಈಜು ಬರುವವರಿಗೇ ಹೆಚ್ಚು ಹತ್ತುತ್ತದೆ. ಬಾರದವರು ಮೊಣಕಾಲಿಗೇ ನಿಲ್ಲುತ್ತಾರೆ.

ಬಾವಿಯ ನೀರು ಎಲ್ಲಿಗೂ ಹೋಗುವುದಿಲ್ಲ. ಹೊಳೆಯ ನೀರು ಒಂದೇ ದಿಕ್ಕಿಗೆ ಹೋಗುತ್ತದೆ, ಎರಡೂ ದಂಡೆ ಕಣ್ಣಿಗೆ ಕಾಣುತ್ತವೆ. ಕಡಲಲ್ಲಿ ಹಾಗಲ್ಲ. ತೆರೆಗಳು ದಂಡೆಗೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ಮರಳಿನ ದಿಬ್ಬದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಓಣಿ ಮಾಡಿಕೊಂಡು ಅದು ಕಡಲಿನ ಒಳಗಡೆಗೆ ನುಗ್ಗುತ್ತದೆ. ಇದೇ ರಿಪ್ ಕರೆಂಟ್, ಅಂದರೆ ಕಡಲ ಸೆಳೆತ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಅದಕ್ಕೆ ಎದುರಾಗಿ ಒಲಿಂಪಿಕ್ ಈಜುಗಾರನೂ ಬಹಳ ಹೊತ್ತು ಈಜಲಾರ.

ಮೋಸ ಇರುವುದು ಅದರ ರೂಪದಲ್ಲಿ. ದಂಡೆಯ ಮೇಲೆ ನಿಂತು ಹತ್ತು ನಿಮಿಷ ಸುಮ್ಮನೆ ನೋಡಿ. ಎಡಕ್ಕೂ ಬಲಕ್ಕೂ ತೆರೆ ಬಿಳಿ ನೊರೆಯಾಗಿ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಒಡೆಯದೆ, ಬಣ್ಣ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ನೊರೆ, ಕಸ, ಕಲಕಿದ ಮರಳು ಆ ಪಟ್ಟಿಯಲ್ಲಿ ಒಳಮುಖವಾಗಿ ತೇಲಿ ಹೋಗುತ್ತಿರುತ್ತದೆ. 'ಇಲ್ಲಿ ತೆರೆ ಕಡಿಮೆ ಐತಿ, ಇಲ್ಲೇ ಇಳಿಯೋಣ' ಎಂದು ಹೊಸಬರು ಆರಿಸಿಕೊಳ್ಳುವುದು ಇದೇ ಜಾಗವನ್ನು.

ಸಿಕ್ಕಿಬಿದ್ದರೆ ದಂಡೆಯ ಕಡೆಗೆ ಈಜಬೇಡಿ. ಜನ ಸಾಯುವುದು ಸೆಳೆತ ಅಡಿಗೆ ಎಳೆಯುವುದರಿಂದಲ್ಲ, ಅದು ಅಡಿಗೆ ಎಳೆಯುವುದೂ ಇಲ್ಲ. ಎದುರು ಈಜಿ ದಣಿದು ಮುಳುಗುತ್ತಾರೆ. ಮೊದಲು ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತನ್ನಿ, ಒಂದು ಕೈ ಎತ್ತಿ ಬೀಸಿ. ಉಪ್ಪು ನೀರು ಬಾವಿ ನೀರಿಗಿಂತ ಚೂರು ಹೆಚ್ಚೇ ತೇಲಿಸುತ್ತದೆ. ಶಕ್ತಿ ಇದ್ದರೆ ದಂಡೆಗೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ, ಬಿಳಿ ನೊರೆ ಕಾಣುವ ಕಡೆಗೆ ಈಜಿ. ನೊರೆ ಇದ್ದಲ್ಲಿ ದಿಬ್ಬ ಇರುತ್ತದೆ, ತೆರೆಯೇ ನಿಮ್ಮನ್ನು ಓರೆಯಾಗಿ ದಂಡೆಗೆ ದೂಡುತ್ತದೆ. ಶಕ್ತಿ ಇಲ್ಲದಿದ್ದರೆ ಸೆಳೆತದ ಜೊತೆಗೇ ಹೋಗಿ. ತೆರೆ ಒಡೆಯುವ ಸಾಲು ದಾಟಿದ ಮೇಲೆ ಸಾಮಾನ್ಯವಾಗಿ ಅದರ ಜೋರು ಇಳಿಯುತ್ತದೆ.

ಗೆಳೆಯ ಸಿಕ್ಕಿಬಿದ್ದರೆ ಹಿಂದೆ ಜಿಗಿಯಬೇಡಿ. ಉಳಿಸಲು ಹೋದವರೇ ಮುಳುಗಿದ್ದು ಸಾಕಷ್ಟಿದೆ. ತೇಲುವಂಥದ್ದು ಏನಾದರೂ ಎಸೆಯಿರಿ: ಖಾಲಿ ಕ್ಯಾನು, ಐಸ್ ಡಬ್ಬಿ, ಸರ್ಫ್ ಬೋರ್ಡು. ಲೈಫ್‌ಗಾರ್ಡನ್ನು ಕೂಗಿ.

ಜುಲೈಯಲ್ಲಿ ಫುಕೆಟ್ಟಿನ ಪಶ್ಚಿಮದ ಬೀಚುಗಳಾದ ಕಟಾ, ಕರೋನ್, ಸುರಿನ್‌ಗಳಲ್ಲಿ ಕೆಂಪು ಬಾವುಟ ಮಾಮೂಲು. ಕೆಂಪು–ಹಳದಿ ಎರಡು ಬಣ್ಣದ ಬಾವುಟ ಇದ್ದರೆ, ಅಂಥ ಎರಡು ಬಾವುಟಗಳ ನಡುವೆ ಲೈಫ್‌ಗಾರ್ಡ್ ಕಾವಲಿದೆ ಎಂದರ್ಥ, ಅಲ್ಲಿ ಇಳಿಯಬಹುದು. ಕುಡಿದು ಇಳಿಯುವ ವಿಚಾರ ಇದ್ದರೆ ಮೇಲಿನದೆಲ್ಲ ಓದಿದ್ದು ವ್ಯರ್ಥ.

ಕ್ರಾಬಿಯಲ್ಲಿ ದೋಣಿ ದೂರದಲ್ಲೇ ನಿಂತು, ಕೆಸರು, ಕಲ್ಲುಗಳ ಮೇಲೆ ನಡೆಯಬೇಕಾಗುತ್ತದೆ ಎಂದು ಕೇಳಿದ್ದೇವೆ. ಜೊತೆಗೆ ಬೆನ್ನುನೋವಿರುವ 70 ವರ್ಷದ ತಂದೆ ಇದ್ದಾರೆ.
— ಲಕ್ಷ್ಮೇಶ್ವರ, ಗದಗ ಜಿಲ್ಲೆ

ಇದು ಉಬ್ಬರ–ಇಳಿತದ ಲೆಕ್ಕ, ಇದಕ್ಕೆ ನಿಮ್ಮ ಮನೆಯ ಗೋಡೆಯ ಪಂಚಾಂಗವೇ ಸಾಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನ, ಮೂರನೇ ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿ–ನವಮಿಯ ಸುತ್ತ ಏರಿಳಿತ ಕಡಿಮೆ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರೂಕಾಲು ಗಂಟೆ. ಪ್ರತಿದಿನ ಇದು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಂದು ಬೆಳಿಗ್ಗೆ 9ಕ್ಕೆ ನೀರು ತುಂಬಿದ್ದರೆ ನಾಳೆ 10ಕ್ಕೆ ಹತ್ತು ನಿಮಿಷ ಇರುವಾಗ.

ರೈಲೇ ಎಂಬ ಬೀಚಿಗೆ ರಸ್ತೆಯೇ ಇಲ್ಲ, ಸುತ್ತ ಸುಣ್ಣಕಲ್ಲಿನ ಗುಡ್ಡ. ಅವೊ ನಾಂಗ್‌ನಿಂದ ಉದ್ದಬಾಲದ ದೋಣಿಯಲ್ಲೇ ಹೋಗಬೇಕು. ನೀರು ಇಳಿದಾಗ, ಅದರಲ್ಲೂ ಪೂರ್ವದ ಬದಿಯಲ್ಲಿ, ಕೆಸರು ಬಯಲಾಗುತ್ತದೆ. ಬ್ಯಾಗು ತಲೆ ಮೇಲೆ ಹೊತ್ತು ನಡೆಯುವ ಫೋಟೋಗಳು ಬರುವುದು ಆಗಲೇ. ತಂದೆಯವರನ್ನು ಕರೆದೊಯ್ಯುವ ದಿನ ಉಬ್ಬರದ ಹಿಂದುಮುಂದಿನ ಎರಡು ಗಂಟೆಯೊಳಗೆ ಹೋಗಿ ಇಳಿಯುವಂತೆ ನೋಡಿಕೊಳ್ಳಿ. ಹೋಟೆಲಿನವರ ಬಳಿ ಆ ತಿಂಗಳ ಟೈಡ್ ಟೇಬಲ್ ಇರುತ್ತದೆ. ಇದಕ್ಕೆ ತದ್ವಿರುದ್ಧ, ಮೂರು ನಡುಗಡ್ಡೆಗಳ ನಡುವೆ ಮರಳಿನ ದಾರಿ ತೆರೆದುಕೊಳ್ಳುವ ಟಾಲೆ ವೇಕ್ ನೋಡಬೇಕೆಂದರೆ ನೀರು ಇಳಿದ ಹೊತ್ತೇ ಬೇಕು, ಹುಣ್ಣಿಮೆ ಅಮಾವಾಸ್ಯೆ ಆಸುಪಾಸು ಚೊಲೊ ಕಾಣುತ್ತದೆ.

ಬೆನ್ನುನೋವಿನವರಿಗೆ ಸ್ಪೀಡ್‌ಬೋಟ್ ಬೇಡ. ಹತ್ತಲೇಬೇಕಾಗಿ ಬಂದರೆ ಹಿಂಭಾಗದಲ್ಲಿ, ಎಂಜಿನ್ ಹತ್ತಿರ ಕೂರಿಸಿ. ಮುಂದಿನ ಮೂತಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಎಲ್ಲರೂ ಅಲ್ಲಿಗೇ ಓಡುತ್ತಾರೆ. ತೆರೆ ಮೇಲೆ ಹಾರಿ ಬಿದ್ದಾಗ ಪೂರಾ ಪೆಟ್ಟು ಅಲ್ಲೇ, ಅಲ್ಲಿ ಕೂತವರ ಬೆನ್ನುಮೂಳೆ ಮುರಿದದ್ದೂ ಇದೆ. ದೊಡ್ಡ ಫೆರಿಯಾದರೆ ಕೆಳ ಅಂತಸ್ತು, ನಡುಭಾಗ. ಹೊಟ್ಟೆ ತೊಳಸುವವರು ಮೊಬೈಲ್ ಬಿಟ್ಟು ದೂರದ ದಿಗಂತ ನೋಡಲಿ. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ತೊಳಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೇ ಹೊರಗೆ ಬರುತ್ತದೆ. ಪ್ರಾಸ್ಟೇಟ್, ಗ್ಲಾಕೋಮಾ ಇರುವ ಹಿರಿಯರು ವೈದ್ಯರನ್ನು ಕೇಳದೆ ಆ ಮಾತ್ರೆ ತೆಗೆದುಕೊಳ್ಳಬಾರದು.

ಈಜು ಬಾರದವರು ಸ್ನಾರ್ಕೆಲಿಂಗ್ ಮಾಡಬಹುದೇ? ನಮ್ಮೆಜಮಾನರಿಗೆ ದೊಡ್ಡ ಮೀಸೆ ಬೇರೆ.
— ಕೇಶ್ವಾಪುರ, ಹುಬ್ಬಳ್ಳಿ

ಮಾಡಬಹುದು. ಮಾಸ್ಕ್ ತೊಟ್ಟು, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ನೀರಿನ ಮೇಲೆ ತೇಲುತ್ತ ಕೆಳಗಿನದನ್ನು ನೋಡುವುದಷ್ಟೇ ಅದು. ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿಯವರೆಗೆ ಎದ್ದು ಬಂದರೆ ಸಡಿಲ, ನೀರಿನಲ್ಲಿ ಮುಖದ ಮೇಲೇ ಏರಿ ಕೂರುತ್ತದೆ. ಮೊದಲ ದಿನ ದೋಣಿಯಿಂದ ಇಳಿಯುವ ಬದಲು ದಂಡೆಯಲ್ಲಿ, ಎದೆಮಟ್ಟದ ನೀರಿನಲ್ಲಿ ಅರ್ಧ ತಾಸು ಬಾಯಿಂದ ಉಸಿರಾಡುವ ರೂಢಿ ಮಾಡಿಕೊಳ್ಳಿ. ಕೊಳವೆಗೆ ನೀರು ಹೊಕ್ಕರೆ ಗಾಬರಿ ಬೇಡ, 'ತೂ' ಎಂದು ಒಂದೇ ಸಲ ಜೋರಾಗಿ ಊದಿದರೆ ಮೇಲಿನಿಂದ ಚಿಮ್ಮಿ ಹೋಗುತ್ತದೆ.

ಮಾಸ್ಕ್ ಆರಿಸುವುದು ಹೀಗೆ: ಪಟ್ಟಿ ಹಾಕದೆ ಮುಖಕ್ಕೆ ಇಟ್ಟು, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖದ್ದು. ಪಟ್ಟಿ ಬಿಗಿದಷ್ಟೂ ನೀರು ಬರುವುದಿಲ್ಲ ಎಂಬುದು ತಪ್ಪು. ಅತಿಯಾಗಿ ಬಿಗಿದರೆ ಅಂಚು ಮಡಚಿಕೊಂಡು ಹೆಚ್ಚು ಸೋರುತ್ತದೆ. ಗಾಜು ಮಂಜಾಗದಿರಲು ಒಳಗಡೆ ಒಂದು ಹನಿ ಬೇಬಿ ಶಾಂಪೂ ಸವರಿ ತೊಳೆಯಿರಿ.

ಮೀಸೆಯ ವಿಷಯಕ್ಕೆ ಬಂದರೆ, ಕೂದಲ ಸಂದಿನಿಂದ ನೀರು ಜಿನುಗುವುದು ಖರೆ. ಮೂಗಿನ ಕೆಳಗೆ, ಮಾಸ್ಕಿನ ಅಂಚು ಕೂರುವಲ್ಲಿ ಬೆರಳಿನ ಅರ್ಧ ಅಗಲ ಬೋಳಿಸಿದರೆ ಸಾಕು, ಮೀಸೆಯ ಗತ್ತಿಗೆ ಭಂಗವಿಲ್ಲ. ಅದಕ್ಕೂ ಒಪ್ಪದಿದ್ದರೆ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಪೆಟ್ರೋಲಿಯಂ ಜೆಲ್ಲಿ ಬೇಡ, ಮಾಸ್ಕಿನ ರಬ್ಬರು ಕ್ರಮೇಣ ಹಾಳಾಗುತ್ತದೆ.

ಹವಳದ ಮೇಲೆ ಕಾಲೂರಬೇಡಿ. ಅದು ಕಲ್ಲಲ್ಲ, ಜೀವ. ಪಾದವೂ ಕೊಯ್ದುಕೊಳ್ಳುತ್ತದೆ, ಗಾಯ ಬೇಗ ಮಾಯುವುದಿಲ್ಲ.

ಸ್ಕೂಬಾ ಮಾಡುವವರಿಗೆ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕೆ ಮುಳುಗುವವರಿಗೆ, ಒಂದು ಮಾತು. ಒಂದೇ ಮುಳುಗು ಹಾಕಿದ್ದರೆ 12 ಗಂಟೆ, ಹೆಚ್ಚು ಸಲ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಮೇಲಕ್ಕೆ ಹೋದಾಗ ಗುಳ್ಳೆಯಾಗಿ, ಕೀಲುನೋವಿನಿಂದ ಲಕ್ವದವರೆಗೆ ಏನೂ ಆಗಬಹುದು. ಸ್ಕೂಬಾವನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬೇಡಿ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗು ಹಾಕಿ ಬರುವವರೂ ಘಟ್ಟ ಹತ್ತುವ ಮೊದಲು ಒಂದು ರಾತ್ರಿ ಕೆಳಗೇ ಇದ್ದರೆ ಒಳ್ಳೆಯದು.

ನಾವು ಉಳ್ಳಾಗಡ್ಡಿ, ಬಳ್ಳೊಳ್ಳಿ ಸುದ್ದಾ ತಿನ್ನೂದಿಲ್ಲ. ಥಾಯ್ಲೆಂಡ್, ಲಂಕಾದಾಗ ಉಪವಾಸನೇ ಏನ್ರಿ?
— ಬೆಟಗೇರಿ, ಗದಗ

ಥಾಯ್ಲೆಂಡ್ ನಿಮಗೆ ನೀವಂದುಕೊಂಡದ್ದಕ್ಕಿಂತ ಸಲೀಸು. ಅಲ್ಲಿ 'ಜೇ' ಎಂಬ ಅಡುಗೆ ಪದ್ಧತಿ ಇದೆ. ಮೀನು, ಮಾಂಸ, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಹಳದಿ ಬಟ್ಟೆಯ ಮೇಲೆ ಕೆಂಪು ಥಾಯ್ ಅಕ್ಷರದ ಬಾವುಟ ಕಂಡ ಅಂಗಡಿ ನಿಮ್ಮದು. 'ಮಂಗ್ಸವಿರತ್' ಎಂದರೂ ಸಸ್ಯಾಹಾರವೇ, ಆದರೆ ಅದರಲ್ಲಿ ಮೊಟ್ಟೆ ಬರಬಹುದು. 'ವೆಜಿಟೇರಿಯನ್' ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರೆ ಮಾಂಸದ ತುಂಡು ತೆಗೆದು 'ನಾಮ್ ಪ್ಲಾ', ಅಂದರೆ ಮೀನಿನ ಸಾರ, ಹಾಗೇ ಹಾಕಿಕೊಡುತ್ತಾರೆ. ಅವರ ಲೆಕ್ಕದಲ್ಲಿ ಅದು ನಮ್ಮ ಉಪ್ಪಿನ ಹಾಗೆ.

ಲಂಕೆಯಲ್ಲಿ ಇಡಿಯಪ್ಪ, ಬೇಳೆಯ ಪರಿಪ್ಪು, ಮೊಸರಿನ ಮೇಲೆ ಬೈನೆ ಮರದ ಕಾಕಂಬಿ ಎಲ್ಲ ಇದೆ. ಅಡಗಿರುವುದು ಕಾಯಿಚಟ್ನಿಯಲ್ಲಿ: ಪೊಲ್ ಸಂಬೋಲ್‌ಗೆ 'ಉಂಬಲಕಡ' ಎಂಬ ಒಣಮೀನಿನ ಚೂರು ಹಾಕುವ ರೂಢಿ. ಆ ಹೆಸರನ್ನೇ ಹೇಳಿ ಬೇಡವೆನ್ನಿ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಡಿಸುವುದು ಮಾತ್ರ ಕಷ್ಟ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಯ್ಯುವುದಾದರೆ ರೊಟ್ಟಿಯನ್ನು ದಿನಕ್ಕೊಂದರಂತೆ ಜಿಪ್ ಚೀಲದಲ್ಲಿ ಬೇರೆ ಬೇರೆ ಕಟ್ಟಿ. ಕಡಲ ಹವೆಗೆ ಒಮ್ಮೆ ಬಿಚ್ಚಿದ ಕಟ್ಟು ಸಂಜೆಯೊಳಗೆ ತೊಗಲಿನಂತಾಗುತ್ತದೆ. ಹಾಲಿನ ಪೇಢಾ ಆ ಸೆಕೆಗೆ ತಡೆಯುವುದಿಲ್ಲ, ಮೊದಲೆರಡು ದಿನದಲ್ಲೇ ಮುಗಿಸಿ. ಇಡೀ ಒಣ ಕೊಬ್ಬರಿ ವಿಮಾನದ ಲಗೇಜಿನಲ್ಲಿ ನಿಷಿದ್ಧ. ಅದರ ಎಣ್ಣೆಯಂಶದಿಂದ ಬೆಂಕಿಯ ಭಯವೆಂದು ಹೊರಗೆ ತೆಗೆಸುತ್ತಾರೆ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, 100 ಮಿಲಿಲೀಟರ್ ನಿಯಮ ಅದಕ್ಕೂ ಬೀಳುತ್ತದೆ. ದುಬೈ ಮೂಲಕ ಹೋಗುವವರು ಗಸಗಸೆ ಒಂದು ಚಿಟಿಕೆಯೂ ಒಯ್ಯಬಾರದು, ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ.

ಮಾವನವರಿಗೆ ಎಲೆ, ಅಡಿಕೆ, ತಂಬಾಕು ಇಲ್ಲದೆ ದಿನ ಹೋಗುವುದಿಲ್ಲ. ಸಿಂಗಾಪುರದ ಬೀಚಿಗೆ ಹೊರಟಿದ್ದೇವೆ.
— ಹಾನಗಲ್

ಸಿಂಗಾಪುರದಲ್ಲಿ ಜಗಿಯುವ ತಂಬಾಕು, ಗುಟ್ಕಾ ಎರಡೂ ನಿಷಿದ್ಧ. ಬಳಸಲೆಂದು ಒಂದು ಚೀಟಿ ಜೇಬಿನಲ್ಲಿಟ್ಟರೂ ದಂಡ. ಚ್ಯೂಯಿಂಗ್ ಗಮ್ಮನ್ನೂ ಆ ದೇಶದೊಳಗೆ ಒಯ್ಯುವಂತಿಲ್ಲ. ಏಲಕ್ಕಿ, ಲವಂಗ, ಸೋಂಪಿನ ಡಬ್ಬಿ ಕಟ್ಟಿಕೊಡಿ. ಹೊರಡುವ ಎರಡು ವಾರ ಮೊದಲಿಂದ ಕಡಿಮೆ ಮಾಡಿಸಿದರೆ ಅಲ್ಲಿ ತಲೆನೋವು, ಸಿಡುಕು ತಪ್ಪುತ್ತದೆ.

ಮಾಲ್ದೀವ್ಸ್‌ಗೆ ಎಲ್ಲಾ ಸೇರಿ ಪ್ಯಾಕೇಜು ಎಂದು ಹೇಳಿದ್ದಾರೆ. ಅಲ್ಲಿ ಹೋದ ಮೇಲೆ ಮತ್ತೇನು ಕೇಳಬಹುದು?
— ಸಪ್ತಾಪುರ, ಧಾರವಾಡ

ಮೂರು ಸಂಗತಿ ಲಿಖಿತದಲ್ಲಿ ಕೇಳಿ. ತೆರಿಗೆ: ಕೋಣೆಯ ಬಾಡಿಗೆ 200 ಡಾಲರ್ ಎಂದು ತೋರಿಸಿದ್ದರೆ ಅದರ ಮೇಲೆ 10% ಸೇವಾ ಶುಲ್ಕ, ಆ ಒಟ್ಟಿನ ಮೇಲೆ 17% ಪ್ರವಾಸೋದ್ಯಮ ಜಿಎಸ್‌ಟಿ, ಕೊನೆಗೆ 257 ಡಾಲರ್ ದಾಟುತ್ತದೆ. ಇದಲ್ಲದೆ ಗ್ರೀನ್ ಟ್ಯಾಕ್ಸ್, 2025ರಿಂದ ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್, 50ಕ್ಕಿಂತ ಕಡಿಮೆ ಕೋಣೆಗಳ ಗೆಸ್ಟ್‌ಹೌಸಿನಲ್ಲಿ 6 ಡಾಲರ್. ನಾಲ್ವರು ನಾಲ್ಕು ರಾತ್ರಿ ರೆಸಾರ್ಟಿನಲ್ಲಿದ್ದರೆ ಇದೊಂದೇ 192 ಡಾಲರ್.

ಎರಡನೆಯದು ದ್ವೀಪಕ್ಕೆ ಒಯ್ಯುವ ವಾಹನ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ, ಸೀಪ್ಲೇನ್, ಹಗಲಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಮೂರೂವರೆ ನಂತರ ಮಾಲೆಗೆ ಇಳಿದರೆ ಒಂದು ರಾತ್ರಿಯ ಹೋಟೆಲ್ ಖರ್ಚು ನಿಮ್ಮದು. ಆದ್ದರಿಂದ ಬೆಂಗಳೂರಿನಿಂದ ಬೆಳಗಿನ ವಿಮಾನವನ್ನೇ ಹಿಡಿಯಿರಿ, ಅಂದರೆ ಹುಬ್ಬಳ್ಳಿಯಿಂದ ಹಿಂದಿನ ರಾತ್ರಿಯೇ ಹೊರಡಬೇಕು. ಗೆಸ್ಟ್‌ಹೌಸ್ ದ್ವೀಪಕ್ಕೆ ಅಗ್ಗದ ಸರ್ಕಾರಿ ಫೆರಿ ನಂಬಿಕೊಂಡವರು ಶುಕ್ರವಾರ ಇಳಿಯಬೇಡಿ, ಆವತ್ತು ಅದು ಸಾಮಾನ್ಯವಾಗಿ ಓಡುವುದಿಲ್ಲ.

ಮೂರನೆಯದು ಊಟ ಎಷ್ಟು ಹೊತ್ತಿನದು ಎಂಬುದು. ಹೊರಗೆ ಅಂಗಡಿ ಇಲ್ಲದ ದ್ವೀಪದಲ್ಲಿ ಅರ್ಧ ಬೋರ್ಡ್, ಅಂದರೆ ಬೆಳಗಿನ ತಿಂಡಿ ಮತ್ತು ರಾತ್ರಿಯೂಟ ಮಾತ್ರ, ತೆಗೆದುಕೊಂಡರೆ ಮಧ್ಯಾಹ್ನದ ಊಟಕ್ಕೆ ಕೈ ಸುಡುತ್ತದೆ.

ಇನ್ನೊಂದು: ಪೂಜೆಯ ವಿಗ್ರಹ ಅಲ್ಲಿಗೆ ಒಯ್ಯುವಂತಿಲ್ಲ, ಕಸ್ಟಮ್ಸ್‌ನವರು ಇಟ್ಟುಕೊಳ್ಳುತ್ತಾರೆ. ಮದ್ಯವೂ ಹಾಗೆಯೇ. ಜನ ವಾಸಿಸುವ ದ್ವೀಪಗಳಲ್ಲಿ ಈಜುಡುಗೆ ಅದಕ್ಕೆಂದು ಗುರುತಿಸಿದ ಬೀಚಿನಲ್ಲಿ ಮಾತ್ರ.

ಆರು ಮತ್ತು ಒಂಬತ್ತು ವರ್ಷದ ಮಕ್ಕಳು. ಬಿಸಿಲು, ಜೆಲ್ಲಿ ಮೀನು, ನೀರು ಎಲ್ಲದರ ಭಯ.
— ಶಿಗ್ಗಾಂವಿ

ಮೊದಲು ಬಟ್ಟೆ. ನೀಲಿ, ಬಿಳಿ, ತಿಳಿಹಸಿರು ಈಜುಡುಗೆ ನೀರಿನೊಳಗೆ ಕಾಣುವುದೇ ಇಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ ಇಲ್ಲವೇ ಗುಲಾಬಿ ಕೊಳ್ಳಿ, ತುಂಬುತೋಳಿನ ಈಜಂಗಿ, ಅಂದರೆ ರ‍್ಯಾಶ್‌ಗಾರ್ಡ್ ಇದ್ದರೆ ಸನ್‌ಸ್ಕ್ರೀನ್ ಖರ್ಚೂ ಅರ್ಧ ಇಳಿಯುತ್ತದೆ. ದೊಡ್ಡವರೊಬ್ಬರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 35 ಮಿಲಿ ಬೇಕು, ನೀರಿಗಿಳಿಯುವ ಕಾಲು ತಾಸು ಮೊದಲು ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತೆ. 50 ಮಿಲಿಯ ಟ್ಯೂಬು ಇಡೀ ಮನೆಗೆ ಒಂದು ವಾರ ಬಂತೆಂದರೆ ಯಾರಿಗೂ ಸರಿಯಾಗಿ ಹಚ್ಚಿಲ್ಲ. ಥಾಯ್ಲೆಂಡಿನ ಸಾಗರ ಉದ್ಯಾನಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ 2021ರಿಂದ ನಿಷಿದ್ಧ, ಜಿಂಕ್ ಆಕ್ಸೈಡಿನದು ನಡೆಯುತ್ತದೆ.

ಗಾಳಿ ತುಂಬಿದ ತೋಳಪಟ್ಟಿ ಆಟಿಕೆ, ರಕ್ಷಣೆಯಲ್ಲ. ಮಕ್ಕಳು ನೀರಿನಲ್ಲಿದ್ದಷ್ಟು ಹೊತ್ತು ಒಬ್ಬರು ದೊಡ್ಡವರು ಕೈಗೆಟಕುವ ದೂರದಲ್ಲಿರಬೇಕು, ಮೊಬೈಲ್ ಇಲ್ಲದೆ. ಮರಳಿನಲ್ಲಿ ಗುಂಡಿ ತೋಡುವಾಗಲೂ ಸಣ್ಣವನ ಮೊಣಕಾಲಿಗಿಂತ ಆಳ ಬೇಡ. ಒಣಗಿದಂತೆ ಗೋಡೆ ಒಮ್ಮೆಲೇ ಕುಸಿಯುತ್ತದೆ, ಮೇಲಿಂದ ತೋಡಿದಷ್ಟೂ ಮರಳು ಮತ್ತೆ ಜಾರುತ್ತದೆ.

ಜೆಲ್ಲಿ ಮೀನು ಮುಟ್ಟಿದರೆ ಮರಳು ತಿಕ್ಕಬೇಡಿ, ಸಿಹಿನೀರೂ ಬೇಡ. ಚರ್ಮಕ್ಕಂಟಿದ ಇನ್ನೂ ಒಡೆಯದ ವಿಷಕೋಶಗಳು ಅದರಿಂದ ಒಡೆಯುತ್ತವೆ. ಥಾಯ್ಲೆಂಡಿನಲ್ಲಿ ಬಾಕ್ಸ್ ಜೆಲ್ಲಿ ಮೀನಿನ ಭಯವಿರುವ ಬೀಚುಗಳಲ್ಲಿ ವಿನೆಗರ್ ಬಾಟಲಿ ಸಿಕ್ಕಿಸಿದ ಕಂಬಗಳಿರುತ್ತವೆ. ಅದನ್ನು ಕನಿಷ್ಠ 30 ಸೆಕೆಂಡ್ ಸುರಿಯಬೇಕು. ಉಸಿರಾಟದಲ್ಲಿ ಏರುಪೇರಾದರೆ ಕಾಯದೆ ಆಸ್ಪತ್ರೆಗೆ. ಕಡಲಮುಳ್ಳು (ಸೀ ಅರ್ಚಿನ್) ಚುಚ್ಚಿದರೆ ತಾಳುವಷ್ಟು, ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ ಕಾಲು ಅದ್ದಿಡಿ.

ಬಾಲಿಯ ಸನೂರ್‌ನಲ್ಲಿ ಹವಳದ ದಿಬ್ಬ ತೆರೆ ತಡೆಯುತ್ತದೆ, ಮಕ್ಕಳಿಗೆ ಕೂಟಾಗಿಂತ ಅದೇ ಲೇಸು.

ಬಾಡಿಗೆ ಸ್ಕೂಟರಿಗೆ ನಮ್ಮ ಲೈಸೆನ್ಸ್ ನಡೆಯುತ್ತದೆಯೇ? ಜೆಟ್ ಸ್ಕೀ ಮೋಸ ಎಂದರೇನು?
— ರಾಣೆಬೆನ್ನೂರು

ಥಾಯ್ಲೆಂಡಿಗೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ನಿಮ್ಮ ಆರ್‌ಟಿಒದಲ್ಲೇ, ಫಾರ್ಮ್ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷದ ಅವಧಿ. ಮೂಲ ಲೈಸೆನ್ಸಿನಲ್ಲಿ ಗೇರ್ ಬೈಕ್ ಇಲ್ಲದೆ ಕಾರು ಮಾತ್ರ ಇದ್ದರೆ ಪರ್ಮಿಟಿನಲ್ಲೂ ಕಾರು ಮಾತ್ರ. ಬಾಡಿಗೆಯವ ಏನೂ ಕೇಳದೆ ಕೀಲಿ ಕೊಡುತ್ತಾನೆ. ಬಿದ್ದ ಮೇಲೆ ವಿಮೆಯವರು ಮೊದಲು ಕೇಳುವುದೇ ಅದನ್ನು.

ನೀರಿನ ಮೇಲೆ ಓಡಿಸುವ ಬೈಕಿನಂಥ ಜೆಟ್ ಸ್ಕೀಯಲ್ಲಿ ಹಳೆಯ ಗೀರು ತೋರಿಸಿ ನೀವೇ ಮಾಡಿದ್ದೆಂದು ಸಾವಿರಾರು ಬಾತ್ (ಥಾಯ್ಲೆಂಡಿನ ಹಣ) ಕೇಳುವ ದಂಧೆ ಇದೆ. ಹತ್ತುವ ಮೊದಲು ಮಾಲೀಕನ ಎದುರೇ ಸುತ್ತ, ತಳದ ಅಂಚು ಸಹಿತ ವಿಡಿಯೋ ಮಾಡಿ. ಅದಕ್ಕೆ ಆತ ಮುಖ ಗಂಟಿಕ್ಕಿದರೆ ಬೇರೆಯವನನ್ನು ನೋಡಿ. ಪಾಸ್‌ಪೋರ್ಟ್ ಒತ್ತೆ ಇಡಬೇಡಿ, ನಗದು ಠೇವಣಿ ಕೊಡಿ.

ಯುಪಿಐ ನಡೆಯುತ್ತದೆಯೇ? ಮೊಬೈಲ್ ನೀರಿಗೆ ಒಯ್ಯಬಹುದೇ?
— ನವನಗರ, ಹುಬ್ಬಳ್ಳಿ

ಶ್ರೀಲಂಕಾ, ಮಾರಿಷಸ್‌ಗಳಲ್ಲಿ 2024ರ ಫೆಬ್ರುವರಿಯಿಂದ ಯುಪಿಐ ಇದೆ, ಆದರೆ ಎಲ್ಲ ಅಂಗಡಿಯಲ್ಲಿ ಅಲ್ಲ. ಆ್ಯಪಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಇಲ್ಲಿರುವಾಗಲೇ ತೆರೆದುಕೊಳ್ಳಿ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯಲ್ಲೋ ಅಲ್ಲಿನ ಹಣದಲ್ಲೋ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರಿಟ್ಟ ದರವೇ ದರ.

ನೀರು ತಡೆಯುತ್ತದೆಂದು ಮೊಬೈಲಿಗೆ ಕೊಡುವ ಐಪಿ68 ಗುರುತು ಸಿಹಿನೀರಿನ ಪರೀಕ್ಷೆಯದು, ಉಪ್ಪು ನೀರಿಗೆ ಭರವಸೆ ಇಲ್ಲ. ಪ್ಲಾಸ್ಟಿಕ್ ಚೀಲ ಕೊಂಡರೆ ಒಳಗೆ ಬರೀ ಟಿಶ್ಯೂ ಹಾಕಿ, ಮನೆಯ ಬಕೆಟ್ಟಿನಲ್ಲಿ ಅರ್ಧ ತಾಸು ಕಲ್ಲು ಹೇರಿ ಮುಳುಗಿಸಿಡಿ. ಟಿಶ್ಯೂ ಒದ್ದೆಯಾದರೆ ಐನೂರು ರೂಪಾಯಿಯ ಚೀಲ ಹೋಯಿತು, ಐವತ್ತು ಸಾವಿರದ ಫೋನು ಉಳಿಯಿತು. ಉಪ್ಪು ನೀರು ತಾಗಿದ ಫೋನನ್ನು ಮೊದಲು ಆಫ್ ಮಾಡಿ, ಹೊರಮೈಯನ್ನು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಚಾರ್ಜಿಂಗ್ ತೂತನ್ನು ಕೆಳಮುಖ ಮಾಡಿ ಗಾಳಿಗಿಡಿ. ಒಣಗುವ ಮೊದಲೇ ಚಾರ್ಜಿಗೆ ಹಾಕಿದರೆ ಒಳಗಿನ ತಾಮ್ರದ ಹಲ್ಲುಗಳು ಹಸಿರುಗಟ್ಟುತ್ತವೆ.